ತೆಂಗಿನ ಗರಿಯ ಗಂಟು

ಕ್ಲೋಶ್ ದ್ವೀಪ
14 ಅಕ್ಟೋಬರ್ 1996

ಅಪ್ಪಾ,

ಬಂದು ಮುಟ್ಟಿದೆ. ಮೂರು ತಿಂಗಳು ಮುಚ್ಚಿದ್ದ ಗುಡಿಸಿಲಿನ ಬಾಗಿಲು ತೆಗೆದ ಕೂಡಲೇ ಬಂದ ನಾತಕ್ಕೆ ಹಿಂದೆ ಸರಿದು ಮರಳ ಮೇಲೆ ಕೂತುಬಿಟ್ಟೆ. ನನ್ನ ಮಂಚದ ಕೆಳಗೆ ಏಡಿಯೊಂದು ಸತ್ತು ನೀರಾಗಿತ್ತು. ಅಕ್ಕಿ ಡಬ್ಬಿಯಲ್ಲಿ ಜಿರಳೆಗಳು ಸಂಸಾರ ಹೂಡಿದ್ದವು. ಅಮ್ಮ ಕಟ್ಟಿಕೊಟ್ಟ ಬಿಂಬುಳಿ ಉಪ್ಪಿನಕಾಯಿ ಒಂದೇ ಈಗ ಈ ಮನೆಯಲ್ಲಿ ಮನುಷ್ಯರು ತಿನ್ನಬಹುದಾದ ವಸ್ತು.

ಈ ವರ್ಷವೂ ದೋಣಿಯವನು ಅನಿಸೆಯೇ. ಪ್ರಾಲಿನ್ ದ್ವೀಪದವನು, ಮುಂದಿನ ಎರಡು ಹಲ್ಲಿಲ್ಲ. ದ್ವೀಪದಲ್ಲಿ ಇರುವವರು ನಾವಿಬ್ಬರೇ, ಆದ್ದರಿಂದ ಅವನು ಉಣ್ಣುವ ಸದ್ದನ್ನು ದಿನಕ್ಕೆ ಮೂರು ಸಲ ನಾನೇ ಕೇಳಬೇಕು. ಬೆರಳು ನೆಕ್ಕಿ ಅದೇ ಬೆರಳನ್ನು ನನ್ನ ಜಾಮ್ ಸೀಸೆಗೆ ಹಾಕುತ್ತಾನೆ. ಸಾಲದ್ದಕ್ಕೆ ನನ್ನ ಕಿಟಕಿಗೇ ಹಗ್ಗ ಕಟ್ಟಿ ಶಾರ್ಕ್ ಮೀನು ಒಣಹಾಕಿದ್ದಾನೆ. ತೆಗೆಯೋ ಮಾರಾಯ ಅಂದರೆ, "ಗಾಳಿ ಈ ಕಡೆಯಿಂದಾನೇ ಬೀಸೋದು ಮ್ಯಾಮ್ಸೆಲ್, ನಾನೇನ್ ಮಾಡ್ಲಿ?" ಅನ್ನುತ್ತಾನೆ.

ಮೊನ್ನೆ ದುರ್ಬೀನಿನವರ ಗುಂಪೊಂದು ಬಂದಿತ್ತು, ಎಂಟು ಜನ. ಲೋಕದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ನಮ್ಮ ಕಪ್ಪು ಹಾಡುಹಕ್ಕಿ ಅವರ ಕಾಲಬುಡಕ್ಕೇ ಬಂದು ಹುಳ ಹೆಕ್ಕುತ್ತಿತ್ತು. ಪಟ್ಟಿಯಲ್ಲಿ ಅದರ ಹೆಸರಿಗೆ ಗೆರೆ ಹೊಡೆದು, ಮುಂದಿನದು ಯಾವುದು ಅಂತ ಕೇಳಿದರು! ಒಬ್ಬನಂತೂ ಬೇಡ ಅಂದರೂ ಕೇಳದೆ, ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುವ ಕಡಲಹಕ್ಕಿ ಫೂಕೆಯ ಗೂಡುಗಳ ಮೇಲೆಯೇ ನಡೆದ. ಮಣ್ಣು ಕುಸಿದು ಕಾಲು ಮೊಣಕಾಲವರೆಗೆ ಹೂತಿತು. ಒಳಗಿದ್ದ ಮೊಟ್ಟೆಯ ಲೋಳೆಯನ್ನು ಷೂನಿಂದ ಒರೆಸಿಕೊಳ್ಳುತ್ತಾ ಮುಖ ಸಿಂಡರಿಸಿದ. ಸಿಂಡರಿಸಬೇಕಾದವಳು ನಾನು.

ಈ ಸಲ ಪಕ್ಷಿ ಸಮಿತಿಯವರು ಉತ್ತರದ ಇಳಿಜಾರಿನ ಫೂಕೆ ಎಣಿಕೆಯನ್ನು ನನ್ನ ಪಾಲಿಗೆ ಹಾಕಿದ್ದಾರೆ. ಹೋದ ವರ್ಷ ನೂರೈವತ್ತು ಮರಿ ಹಾರಿದ್ದವು. ಈ ವರ್ಷ ಮುನ್ನೂರು ಹಾರಿಸಬೇಕು ಅಂತ ಹಟ ಹಿಡಿದಿದ್ದೇನೆ. ನೆಲದೊಳಗಿನ ಬಿಲಕ್ಕೆ ಕೈ ಹಾಕಿ ನೋಡುತ್ತೇನೆ. ಹಕ್ಕಿ ಇದ್ದರೆ ಬಿಲದ ಬಾಯಿಯ ಪಕ್ಕ ಬಿಳಿ ಬಣ್ಣ ಬಳಿದ ಕಡ್ಡಿ ಚುಚ್ಚುತ್ತೇನೆ, ಖಾಲಿ ಇದ್ದರೆ ಹಾಗೇ ಬಿಡುತ್ತೇನೆ. ಬುಧವಾರ ಮಾತ್ರ ಹಾಡುಹಕ್ಕಿಯ ಗೂಡು ನೋಡಲು ದಕ್ಷಿಣ ದಂಡೆಗೆ ಹೋಗುವುದು. ಬೆಳಿಗ್ಗೆ ಹೋದರೆ ಮರಳುವುದು ಸಂಜೆಗೇ.

ಏಳು ವರ್ಷದವಳಿದ್ದಾಗ ನನ್ನ ಕೈಯನ್ನು ಹೆಗಲವರೆಗೆ ಇಂಥದೇ ಬಿಲಕ್ಕೆ ತುರುಕಿಸಿ, "ಹಿಡಿ, ಬಿಡಬ್ಯಾಡ" ಅಂದಿದ್ದೆ ನೀನು. ಆಗ ಅದು ಕಚ್ಚಿದ ಗುರುತು ಹೆಬ್ಬೆರಳಲ್ಲಿ ಇನ್ನೂ ಇದೆ. ಆವತ್ತು ಸಾರಿಗೆ ಹಿಡಿದಿದ್ದು, ಇವತ್ತು ಎಣಿಕೆಗೆ ಹಿಡಿಯುತ್ತೇನೆ. ಕೈ ಹಾಕುವ ರೀತಿ ಮಾತ್ರ ನೀನು ಕಲಿಸಿದ್ದೇ.

ಒದಿಲ್ ಮದುವೆ ಯಾವಾಗ ಅಂತ ಬರೆ.

ನಾರುತ್ತಿರುವ ನಿನ್ನ ಮಗಳು,
ಲೂದಿವಿನ್


ಲಾ ದೀಗ್
30 ಅಕ್ಟೋಬರ್ 1996

ಲೂದಿ,

ನಿನ್ನ ಕಾಗದ ನಿನ್ನಮ್ಮನಿಗೆ ಓದಿ ಹೇಳಿದೆ. ಸತ್ತ ಏಡಿ ಬಂದಾಗ ಅವಳು ತುತ್ತು ಕೆಳಗಿಟ್ಟಳು. ಊಟದ ಹೊತ್ತಿಗೆ ಓದುವಂಥ ಕಾಗದ ಅಲ್ಲ ಕಣೇ ನಿನ್ನದು. ಚಿಕ್ಕವಳಿದ್ದಾಗಲೂ ಹೀಗೇ, ಲೋಟದಲ್ಲಿ ಕೂದಲು ಕಂಡರೆ ಲೋಟವನ್ನೇ ಅಂಗಳಕ್ಕೆ ಎಸೆಯುತ್ತಿದ್ದೆ. ಅಂಥವಳು ಹಕ್ಕಿಯ ಹಿಕ್ಕೆಯ ನಡುವೆ ಬದುಕುತ್ತೀಯಲ್ಲ ಅಂತ ಊರೆಲ್ಲ ನಗುತ್ತದೆ.

ನಿನ್ನ ತಂಗಿಯ ಮದುವೆ ಫೆಬ್ರವರಿ ಒಂದು, ಶನಿವಾರ. ಹುಡುಗ ಬಾಜಿಲ್ ಒಳ್ಳೆಯವನು, ಬಾಯಿಲ್ಲ. ಅವನ ಪಾಲಿನ ಬಾಯನ್ನೂ ಅವರಪ್ಪ ಕ್ಲೋವಿಸನೇ ಇಟ್ಟುಕೊಂಡಿದ್ದಾನೆ. ಮೊನ್ನೆ ಬಂದಿದ್ದ, ಕಳ್ಳು ಕೊಟ್ಟೆ. ಮೂರನೇ ಲೋಟಕ್ಕೆ, "ಥಿಯೋಫಿಲ್, ನಿಮ್ಮಪ್ಪನ್ ಕಾಲ್ದಾಗೆ ದೀಗ್ ಮದುವೆ ಅಂದ್ರೆ ಫೂಕೆ ಸಾರು ಹರೀತಿತ್ತಂತೆ. ಈಗ ಕೋಳಿ ತಿನ್ಸಿ ಕೈ ತೊಳ್ಸಿ ಕಳಿಸ್ತೀರಂತಲ್ಲ?" ಅಂತ ಎಲ್ಲರ ಮುಂದೆ ನಕ್ಕ. ನಾನೂ ನಕ್ಕೆ. ಹೆಣ್ಣು ಕೊಡುವವನು ಇನ್ನೇನು ಮಾಡಲಿ.

ಚಪ್ಪರ ನಾನೇ ಕಟ್ಟುತ್ತೇನೆ. ಬಾಡಿಗೆ ತಗಡು ಬೇಡವೇ ಬೇಡ ಅಂದಿದ್ದೇನೆ, ಪೂರಾ ಹಸಿ ಗರಿ.

ನಿನ್ನ ಬಿಳಿ ಕಡ್ಡಿ ಮಳೆಗೆ ಮಾಸುವುದಿಲ್ಲವೇ? ಬುಧವಾರ ಅನಿಸೆಯನ್ನು ಕರಕೊಂಡು ಹೋಗುತ್ತೀಯೋ, ಒಬ್ಬಳೇ ಹೋಗುತ್ತೀಯೋ? ಒಬ್ಬಳೇ ಬಂಡೆ ಹತ್ತಬೇಡ ಅಂತ ಕೇಳಿದೆ, ಅಷ್ಟೇ.

ಅಪ್ಪ


ಕ್ಲೋಶ್ ದ್ವೀಪ
22 ಡಿಸೆಂಬರ್ 1996

ಅಪ್ಪಾ,

ಮರಿಗಳು ಬಂದವು. ನಿನ್ನೆಗೆ ಮುನ್ನೂರ ಮೂವತ್ತಾರು! ಕುಣಿಯೋಣ ಅನ್ನಿಸಿತು, ಕುಣಿಯಲು ಜೊತೆಗಿರುವವನು ಅನಿಸೆ. ಬಿಟ್ಟೆ.

ಇಷ್ಟು ಕುರೂಪಿ ಮರಿಯನ್ನು ದೇವರು ಯಾವ ಮನಸ್ಸಿನಲ್ಲಿದ್ದಾಗ ಮಾಡಿದನೋ. ಮೇಲೆ ಬೂದಿ ಬಣ್ಣದ ತುಪ್ಪುಳ, ಒಳಗೆಲ್ಲ ಕೊಬ್ಬು. ಎತ್ತಿಕೊಂಡ ಕೂಡಲೇ ಕಕ್ಕುತ್ತದೆ. ಕೊಳೆತ ಮೀನಿನ, ಕಿತ್ತಳೆ ಬಣ್ಣದ ಎಣ್ಣೆ. ತಲೆಗೆ ಬಿದ್ದರೆ ಮೂರು ಸ್ನಾನಕ್ಕೂ ಹೋಗದು. ಈಗ ನನ್ನ ನಾತ ತಾಳಲಾರದೆ ಜಿರಳೆಗಳೂ ಅನಿಸೆಯ ಕೋಣೆಗೆ ವಲಸೆ ಹೋಗಿವೆ. ಆದರೂ ಮರಿಯನ್ನು ಮತ್ತೆ ಬಿಲಕ್ಕೆ ಬಿಡುವಾಗ ಅದರ ಬೆಚ್ಚಗಿನ ಹೊಟ್ಟೆ ಅಂಗೈಯಲ್ಲಿ ಒಂದು ಗಳಿಗೆ ಇರುತ್ತದಲ್ಲ, ಅಷ್ಟಕ್ಕಾಗಿ ಎಲ್ಲ ಸಹಿಸುತ್ತೇನೆ. ಹೇಳಲು ನಾಚಿಕೆ, ಎರಡು ಮೂರಕ್ಕೆ ಹೆಸರನ್ನೂ ಇಟ್ಟಿದ್ದೇನೆ. ದೊಡ್ಡ ಸುರಹೊನ್ನೆ ಮರದ ಬೇರಿನಡಿ ಇರುವುದು ಒದಿಲ್. ನಮ್ಮ ಒದಿಲ್ ಹಾಗೆಯೇ, ಮುಟ್ಟುವ ಮೊದಲೇ ಚೀರುತ್ತದೆ.

ನೀನು ಕೇಳಿದ್ದಕ್ಕೆ: ಕಡ್ಡಿ ಮಾಸುವುದಿಲ್ಲ, ಅದು ದೋಣಿಗೆ ಬಳಿಯುವ ಬಣ್ಣ. ಸಮುದ್ರದಿಂದ ನೋಡಿದರೂ ಕಾಣುತ್ತದೆ. ಬುಧವಾರ ಅನಿಸೆಯೂ ಬರುತ್ತಾನೆ, ನೀರಿನ ಡಬ್ಬ ಹೊರಲು. ಹೆದರಬೇಡ. ಜನವರಿ ನಡುವಿಗೆ ಮರಿಗಳು ತಾಯಿಗಿಂತ ದಪ್ಪ ಆಗುತ್ತವೆ, ಆಮೇಲೆ ಕೊಬ್ಬು ಇಳಿಸಿ ಮಾರ್ಚಿಗೆ ಹಾರುತ್ತವೆ. ಅಲ್ಲಿಯವರೆಗೆ ಇವುಗಳ ಮೇಲಿಂದ ಕಣ್ಣು ತೆಗೆಯುವ ಹಾಗಿಲ್ಲ.

ಮುಸ್ಸಂಜೆ ತಾಯಿಹಕ್ಕಿಗಳು ಸಮುದ್ರದಿಂದ ಬಂದು ಅಳತೊಡಗುತ್ತವೆ. ಹಸುಗೂಸು ಅತ್ತಂತೆಯೇ. ಅನಿಸೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತಾನೆ. ನನಗೆ ಅದು ಕೇಳದಿದ್ದರೆ ಊಟ ಸೇರುವುದಿಲ್ಲ.

ಲೂದಿವಿನ್


ಕ್ಲೋಶ್ ದ್ವೀಪ
16 ಜನವರಿ 1997

ಅಪ್ಪಾ,

ನಿನ್ನೆ ಬುಧವಾರ. ಸಂಜೆ ದಕ್ಷಿಣ ದಂಡೆಯಿಂದ ಬಂದು ನೋಡಿದರೆ ನೂರ ಹನ್ನೆರಡು ಗೂಡು ಖಾಲಿ.

ಕಡ್ಡಿ ಇದ್ದ ಗೂಡುಗಳು ಮಾತ್ರ. ಕಡ್ಡಿಯಿಲ್ಲದ ಒಂದೇ ಒಂದು ಬಿಲಕ್ಕೂ ಕಳ್ಳ ಕೈ ಹಾಕಿ ಹೊತ್ತು ಕಳೆದಿಲ್ಲ. ಮೂರು ತಿಂಗಳು ಬಿಸಿಲಲ್ಲಿ ಕೂತು ಬಣ್ಣ ಬಳಿದು ಬಳಿದು ನಾನೇ ಅವನಿಗೆ ದಾರಿ ತೋರಿಸಿದ್ದೇನೆ. ನಡುನಡುವೆ ಒಂದೊಂದು ಮರಿ ಬಿಟ್ಟಿದ್ದಾನೆ, ಅವಸರದಲ್ಲಿದ್ದಿರಬೇಕು. ಬಂಡೆಯ ಮೇಲೆ ಕಿತ್ತು ಹಾಕಿದ ತುಪ್ಪುಳ, ರಕ್ತ, ಆ ಕಿತ್ತಳೆ ವಾಂತಿ, ಅದರ ಮೇಲೆ ಮುತ್ತಿದ ನೊಣ. ಕತ್ತು ತಿರುವುವಾಗ ಕಕ್ಕಿರಬೇಕು. ನಾನೂ ಅಲ್ಲೇ ಪಕ್ಕದಲ್ಲಿ ಕಕ್ಕಿದೆ. ಸುರಹೊನ್ನೆ ಬೇರಿನಡಿಯದೂ ಹೋಯಿತು.

ಖಾಲಿಯಾದ ಹೆಚ್ಚಿನ ಗೂಡುಗಳ ಬಾಯಲ್ಲಿ ತೆಂಗಿನ ಗರಿಯ ಗಂಟು. ಅಜ್ಜಿ ಹೇಳುತ್ತಿದ್ದಳಲ್ಲ, ಹಳೇ ಹಕ್ಕಿಹಿಡುಕರು ಮರಿ ತೆಗೆದ ಗೂಡಿಗೆ ಗಂಟು ಹಾಕಿ ಬರುತ್ತಾರೆ, ಹಾಕದಿದ್ದರೆ ತಾಯಿಹಕ್ಕಿ ಹಿಡಿದವನ ಸೂರಿನ ಮೇಲೆ ಬಂದು ಕೂತು ಅಳುತ್ತದೆ, ಆ ಮನೆಯ ಶುಭಕಾರ್ಯ ನಿಂತುಹೋಗುತ್ತದೆ ಅಂತ. ಕತ್ತು ತಿರುವಲು ಹೆದರದ ಕೈ ಅಳುವಿಗೆ ಹೆದರುತ್ತದೆ. ಥೂ!

ಅನಿಸೆ ಹೊಟ್ಟೆನೋವು ಅಂತ ನಿನ್ನೆ ಹಿಂದೆ ಉಳಿದಿದ್ದ. ನಾನು ಇಳಿಜಾರಿಗೆ ಬಂದಾಗ ಒಂದು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ, ಕೈಯಲ್ಲಿ ಹಸಿ ಗರಿ. ನನ್ನನ್ನು ಕಂಡು ಮುಷ್ಟಿ ಮುಚ್ಚಿದ.

"ಮರಿಗಳೆಲ್ಲಿ?" ಅಂದೆ.

ಮುಷ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಯಾವ ದೋಣಿಗೆ ತುಂಬಿ ಕಳಿಸ್ದೆ?"

"ನಂಗೇನೂ ಗೊತ್ತಿಲ್ಲ ಮ್ಯಾಮ್ಸೆಲ್," ಅಂದ, ನೆಲ ನೋಡಿಕೊಂಡು. ಆ ಬಾಯಿ, ಆ ಹಲ್ಲಿನ ಸಂದಿ, ಉಗುರಿನ ಕೊಳೆ. ನನಗೆ ಅವನನ್ನು ಮುಟ್ಟಿ ಅಲುಗಾಡಿಸಲೂ ಹೇಸಿಗೆಯಾಯಿತು.

ಆದರೂ ಇದು ಒಬ್ಬ ಮನುಷ್ಯನ ಅನ್ನದ ಮಾತು. ಒಬ್ಬೊಬ್ಬನ ಗಂಟು ಒಂದೊಂದು ಥರ, ನೋಡಿದರೆ ಕೈ ಯಾರದೆಂದು ತಿಳಿಯುತ್ತದೆ ಅಂತ ನೀನೇ ಹೇಳಿದ್ದೆ. ಹೆಣ್ಣುಮಕ್ಕಳಿಗೆ ಯಾಕೆ ಅಂತ ನನಗೆ ಕಲಿಸಲಿಲ್ಲ. ಒಂದು ಗಂಟನ್ನು ಇದರೊಳಗೆ ಇಟ್ಟಿದ್ದೇನೆ. ಎರಡು ಸುತ್ತು ಸುತ್ತಿ ಬಾಲವನ್ನು ಎಡಕ್ಕೆ ಒಳಗೆ ತೂರಿಸಿದೆ. ಯಾರ ಕೈ ಇದು? ಅನಿಸೆಯದು ಅಂತ ನೀನು ಹೇಳಿದರೆ ಪಕ್ಷಿ ಸಮಿತಿಗೆ ಬರೆಯುತ್ತೇನೆ, ಅಲ್ಲ ಅಂದರೆ ಬರೆಯುವುದಿಲ್ಲ. ನಿನ್ನ ಮಾತೇ ಕಡೆಯದು.

ಲೂದಿವಿನ್


ಲಾ ದೀಗ್
21 ಜನವರಿ 1997

ಲೂದಿ,

ಗಂಟು ಬಂತು. ಬಿಚ್ಚುವಷ್ಟರಲ್ಲೇ ಒಣಗಿ ಪುಡಿಯಾಗುತ್ತಿತ್ತು. ನಿನ್ನಮ್ಮ ನೋಡಿದಳು, ಒಳಗೆ ಹೋದಳು. ಇಂಥವನ್ನೆಲ್ಲ ಕಾಗದದಲ್ಲಿ ಕಳಿಸಬೇಡ, ಮದುವೆ ಮನೆ ಇದು.

ದೀಗಿನವರ ಗಂಟಲ್ಲ. ನಮ್ಮಲ್ಲಿ ಬಾಲ ಬಲಕ್ಕೆ ಹೋಗುತ್ತದೆ. ಪ್ರಾಲಿನ್ ಕಡೆಯವರದ್ದಿರಬೇಕು. ಅನಿಸೆ ಪ್ರಾಲಿನ್‌ನವನು ಅಂತ ನೀನೇ ಬರೆದಿದ್ದೀ. ಅವನೇ ಅಂತ ನಾನು ಹೇಳುತ್ತಿಲ್ಲ. ಆದರೆ ಬುಧವಾರವೇ ನೋಡಿಕೊಂಡು ಬರುವ ಹೊಟ್ಟೆನೋವು ಯಾವುದು ಅಂತ ಕೇಳಬೇಕಾದ್ದೇ. ನೀನು ಕಣ್ಣಾರೆ ಕಂಡಿದ್ದೀ, ಮತ್ತೆ ನನ್ನನ್ನೇನು ಕೇಳುವುದು.

ಚಪ್ಪರಕ್ಕೆ ಗರಿ ಕಡಿಸಿ ನೆನೆಹಾಕಿದ್ದೇನೆ. ಹಳದಿ ಲಂಗ ಹಾಕಿಕೊಂಡು ಬಾ. ಆ ಎಣ್ಣೆಯ ನಾತವನ್ನು ಅಲ್ಲೇ ತೊಳೆದುಕೊಂಡು ಬಾ.

ಅಪ್ಪ


ಕ್ಲೋಶ್ ದ್ವೀಪ
28 ಜನವರಿ 1997

ಅಪ್ಪಾ,

ಬರೆದೆ. ಸಮಿತಿಯವರು ತಡಮಾಡಲಿಲ್ಲ. ನಿನ್ನೆ ದೋಣಿ ಬಂತು, ಅನಿಸೆಯನ್ನು ಕರೆದುಕೊಂಡು ಹೋಯಿತು. ಹನ್ನೊಂದು ವರ್ಷದ ಕೆಲಸ ಹೋಯಿತು. ಇನ್ನು ಯಾವ ದ್ವೀಪದಲ್ಲೂ ಅವನನ್ನು ಇಟ್ಟುಕೊಳ್ಳುವುದಿಲ್ಲವಂತೆ.

ಅವನು ಕೂಗಾಡಲಿಲ್ಲ. ಅದೇ ನನಗೆ ಇನ್ನಷ್ಟು ಅಸಹ್ಯವಾಯಿತು. ದಂಡೆಯಲ್ಲಿ ನಿಂತು, "ಮ್ಯಾಮ್ಸೆಲ್, ಗಂಟಿನ್ ವಿಷ್ಯ ನಿಮ್ಮಪ್ಪನ್ನ ಕೇಳಿದ್ರಾ?" ಅಂದ.

"ಕೇಳ್ದೆ. ಅವರೇ ಹೇಳಿದ್ದು," ಅಂದೆ.

"ಅವ್ರೇ ಹೇಳಿದ್ರಾ?" ತನ್ನ ಚೀಲವನ್ನು ದೋಣಿಗೆ ಎತ್ತಿ ಹಾಕಿದ. "ಹಂಗಾದ್ರೆ ಸರಿ ಬಿಡಿ."

ಹೋಗುವಾಗ ಕೈ ಚಾಚಿದ. ನಾನು ಕೈ ಕೊಡಲಿಲ್ಲ. ಅವನ ಒಣಮೀನನ್ನು ಕಡ್ಡಿಯಲ್ಲಿ ಎತ್ತಿ ಸಮುದ್ರಕ್ಕೆ ಎಸೆದೆ. ಕಿಟಕಿ ತೆರೆದು ಮಲಗಿದೆ. ಗಾಳಿಯೇನೋ ಚೆನ್ನಾಗಿತ್ತು, ನಿದ್ದೆ ಬರಲಿಲ್ಲ.

ಶುಕ್ರವಾರದ ದೋಣಿಗೆ ಬರುತ್ತೇನೆ. ಒದಿಲ್‌ಗೆ ಹೇಳು.

ಲೂದಿವಿನ್


ಕ್ಲೋಶ್ ದ್ವೀಪ
4 ಫೆಬ್ರವರಿ 1997

ಅಪ್ಪಾ,

ಮದುವೆಯ ಮರುದಿನ ಯಾರಿಗೂ ಹೇಳದೆ ಯಾಕೆ ಹೊರಟೆ ಅಂತ ಅಮ್ಮ ಕೇಳಿರಬಹುದು. ನೀನು ಕೇಳಿರಲಾರೆ.

ಮದುವೆ ಊಟದ ಮೊದಲ ತುತ್ತಿಗೇ ಗೊತ್ತಾಯಿತು. ಎರಡು ವಾರ ಉಪ್ಪಿನಲ್ಲಿ ಕೂತ ಆ ಕೊಬ್ಬು, ತೆಂಗಿನಹಾಲು, ದಾಲ್ಚಿನ್ನಿ ಎಲೆ. ಉಗುಳಬೇಕಿತ್ತು, ನುಂಗಿದೆ. ಆಮೇಲೆ ಎರಡನೇ ತುತ್ತು ತೆಗೆದುಕೊಂಡೆ. ಯಾಕೆಂದರೆ ರುಚಿಯಾಗಿತ್ತು. ಇದನ್ನು ಬರೆಯುವಾಗ ನನ್ನ ನಾಲಿಗೆಯನ್ನು ಕಿತ್ತು ಹೊರಗೆ ಇಡೋಣ ಅನ್ನಿಸುತ್ತದೆ. ಎರಡು ವಾರದ ಹಿಂದೆ ಯಾವುದಕ್ಕೆ ಕಕ್ಕಿದ್ದೆನೋ ಅದನ್ನೇ ಉಣ್ಣುತ್ತಿದ್ದೆ, ಹಳದಿ ಲಂಗ ಹಾಕಿಕೊಂಡು.

ಆ ಕಡೆ ಕ್ಲೋವಿಸ್ ಮೂಳೆ ಚೀಪುತ್ತಾ, "ಏನ್ ಬೀಗ್ರೇ, ಇದು ಕೋಳಿನೋ?" ಅಂದ.

"ಕೋಳೀನೇ ಬೀಗ್ರೇ. ನಮ್ಮೂರ್ ಕೋಳಿ ಸ್ವಲ್ಪ ಈಜ್ತದೆ," ಅಂದೆ ನೀನು.

ಎಷ್ಟು ನಗು! ಗಡ್ಡದ ಮೇಲೆ ಎಣ್ಣೆ ಇಳಿಸಿಕೊಂಡು ಪಾದ್ರಿಯೂ ನಕ್ಕ. ನಾನು ತಲೆಯೆತ್ತಿದೆ. ನೀನು ಕಟ್ಟಿದ ಚಪ್ಪರ. ಕಂಬಕ್ಕೆ ಗಳ, ಗಳಕ್ಕೆ ಗರಿ, ಒಂದೊಂದು ಸಂದಿಗೂ ಒಂದು ಗಂಟು. ಎರಡು ಸುತ್ತು, ಬಾಲ ಎಡಕ್ಕೆ ಒಳಗೆ. ಒದಿಲ್‌ಳ ಹೂವಿನ ಮುಡಿಯ ಮೇಲೆ, ಅಮ್ಮನ ಮೇಲೆ, ನನ್ನ ತಟ್ಟೆಯ ಮೇಲೆ, ಎಲ್ಲೆಲ್ಲೂ ಅದೇ. ನಿನಗೆ ಮುಚ್ಚಿಡಬೇಕು ಅಂತಲೂ ಅನ್ನಿಸಿರಲಿಲ್ಲ. ಕೈ ತನಗೆ ಗೊತ್ತಿದ್ದದ್ದನ್ನು ಮಾಡಿಕೊಂಡು ಹೋಗಿದೆ.

ಕದ್ದಿದ್ದು ಒಂದು ಕಡೆಗಿರಲಿ. ನಿನ್ನ ಮಾತೇ ಕಡೆಯದು ಅಂತ ನಿನಗೆ ಬರೆದಿದ್ದೆ. ಅದಕ್ಕೆ ಉತ್ತರವಾಗಿ ನೀನು ಇನ್ನೊಬ್ಬನ ಕತ್ತು ತಿರುವಿದೆ. ಅದೂ ನನ್ನ ಕೈಯಿಂದ. ಅನಿಸೆಯ ಕೈಯಲ್ಲಿ ಗರಿ ಯಾಕಿತ್ತೋ ನನಗೆ ಇನ್ನೂ ಗೊತ್ತಿಲ್ಲ. ಗಂಟು ಮಾತ್ರ ಅವನದಲ್ಲ.

ಸಮಿತಿಗೆ ನೀನೇ ಬರೆ. ನಾನು ತೆಗೆದೆ, ಅನಿಸೆ ಅಲ್ಲ. ಒಂದು ಸಾಲು ಸಾಕು. ಮುಂದಿನ ತಿಂಗಳ ಮೊದಲ ದೋಣಿಯವರೆಗೆ ಕಾಯುತ್ತೇನೆ.

ಲೂದಿವಿನ್


ಲಾ ದೀಗ್
15 ಫೆಬ್ರವರಿ 1997

ಲೂದಿವಿನ್,

ಎರಡು ತುತ್ತು ಅಂತ ಬರೆದಿದ್ದೀ. ಎರಡು ಸಲ ಬಡಿಸಿಕೊಂಡೆ ಕಣೇ. ಬಡಿಸಿದವನು ನಾನು. "ಅಪ್ಪಾ, ಸಾರು ಹಾಕು," ಅಂದವಳು ನೀನು. ಚಪ್ಪರ ನೋಡಿದ್ದು ತಟ್ಟೆ ಖಾಲಿಯಾದ ಮೇಲೆ.

ನಮ್ಮಪ್ಪ ಆ ಇಳಿಜಾರಿನಲ್ಲೇ ಹಿಡಿಯುತ್ತಿದ್ದ, ಅವರಪ್ಪನೂ ಅಲ್ಲೇ. ಅಕ್ಕಿಯ ಹಡಗು ಬಾರದ ವರ್ಷಗಳಲ್ಲಿ ಈ ಊರನ್ನು ಉಳಿಸಿದ್ದು ಆ ಹಕ್ಕಿ. ಆಗ ಯಾವ ದುರ್ಬೀನಿನವನೂ ಬಂದು ಎಣಿಸಲಿಲ್ಲ. ಹಕ್ಕಿ ಮುಗಿಯಲೂ ಇಲ್ಲ. ಯಾಕೆಂದರೆ ನಮಗೂ ಎಣಿಕೆ ಗೊತ್ತಿತ್ತು. ಎರಡು ತೆಗೆದರೆ ಒಂದು ಬಿಡಬೇಕು. ಕಳ್ಳ ಅವಸರದಲ್ಲಿ ಬಿಟ್ಟುಹೋದ ಅಂತ ನೀನು ಬರೆದೆಯಲ್ಲ, ಅದು ಅವಸರವಲ್ಲ. ಗಂಟು ಹಾಕಿದ್ದೂ ಮರೆವಿನಿಂದಲ್ಲ. ಮನೆಯಲ್ಲಿ ಹೆಣ್ಣಿನ ಮದುವೆ ಇಟ್ಟುಕೊಂಡು ಸೂರಿನ ಮೇಲೆ ಅಳು ಕರೆಸಿಕೊಳ್ಳುವಷ್ಟು ಓದಿದವನಲ್ಲ ನಾನು.

ಅನಿಸೆಯದು ತಪ್ಪಾಯಿತು. ಕಾಗದ ಬಂದ ದಿನ ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಬರೆದೆ. ಅವನು ಒಬ್ಬಂಟಿ, ಪ್ರಾಲಿನ್‌ನಲ್ಲಿ ಯಾವುದಾದರೂ ದೋಣಿ ಹತ್ತುತ್ತಾನೆ. ಒದಿಲ್‌ಗೆ ಇನ್ನೊಂದು ಅತ್ತೆಮನೆ ಎಲ್ಲಿಂದ ತರಲಿ? ಸೊಸೆಯ ಅಪ್ಪ ಕಳ್ಳ ಅಂತ ಸಮಿತಿಯವರು ಬಂದು ಕೂಗಿದರೆ ಕ್ಲೋವಿಸ್ ಅವಳನ್ನು ಬದುಕಲು ಬಿಡುತ್ತಾನೆಯೇ? ತಿಂದವರಲ್ಲಿ ಮೊದಲನೆಯವನು ಅವನೇ, ಮೊದಲು ಉಗುಳುವವನೂ ಅವನೇ.

ನಾನು ಬರೆಯುವುದಿಲ್ಲ. ಬರೆಯುವುದಾದರೆ ನೀನೇ ಬರೆ. ಅಪ್ಪನ ಹೆಸರು ಹೇಗೆ ಬರೆಯಬೇಕು ಅಂತ ಗೊತ್ತಿದೆಯಲ್ಲ.

ಥಿಯೋಫಿಲ್


ಲಾ ದೀಗ್
16 ಫೆಬ್ರವರಿ

ಲೂದಿ,

ನಿಮ್ಮಪ್ಪ ಮೀನಿನ ಬುಟ್ಟಿ ಇಳಿಸಲು ಹೋದ ಹೊತ್ತು ನೋಡಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಒಲೆಯ ಪಕ್ಕದ ಭರಣಿಯಲ್ಲಿ ಉಪ್ಪು ಹಾಕಿದ ಮರಿ ಇನ್ನೂ ಹನ್ನೊಂದು ಉಳಿದಿವೆ. ಅವರು ತಿನ್ನುವುದಿಲ್ಲ. ನನಗೆ ಮುಚ್ಚಳ ತೆಗೆಯಲೂ ಹೇಸಿಗೆ. ಎಸೆಯಲು ಹೋದರೆ ಎಲ್ಲಿಗೆ ಅಂತ ಕೇಳುತ್ತಾರೆ. ಹಾಗೇ ಇದೆ.

ಗಂಟು ಬಂದ ದಿನವೇ ನನಗೆ ಗೊತ್ತಾಗಿತ್ತು. ಮೂವತ್ತು ವರ್ಷದಿಂದ ಇವರು ಕಟ್ಟಿದ್ದನ್ನೆಲ್ಲ ಬಿಚ್ಚುತ್ತಾ ಬಂದವಳು ನಾನು.

ಇದರ ಜೊತೆ ನಿನ್ನ ಎರಡು ಕಾಗದ ಇಟ್ಟಿದ್ದೇನೆ. ಅವರ ದೋಣಿಯ ಕೋಟಿನ ಜೇಬಿನಲ್ಲಿದ್ದವು. ನೋಡು. ನಾನು ಏನೂ ಹೇಳುವುದಿಲ್ಲ.

ಬಿಂಬುಳಿ ಕಳಿಸಿದ್ದೇನೆ.

ಅಮ್ಮ


ಕ್ಲೋಶ್ ದ್ವೀಪ
20 ಮಾರ್ಚ್ 1997

ಅಪ್ಪಾ,

ನನ್ನ ಎರಡು ಕಾಗದಗಳು ಮುಂದೆ ಇವೆ. ಅವುಗಳ ಮೇಲೆ, ದೋಣಿ ಹಲಗೆಗೆ ಗುರುತು ಹಾಕುವ ನಿನ್ನ ಕೆಂಪು ಪೆನ್ಸಿಲಿನ ಗೆರೆ. 'ಬಿಳಿ ಬಣ್ಣ ಬಳಿದ ಕಡ್ಡಿ' ಕೆಳಗೆ ಒಂದು ಗೆರೆ. 'ಬುಧವಾರ' ಕೆಳಗೆ ಎರಡು. 'ಸಮುದ್ರದಿಂದ ನೋಡಿದರೂ ಕಾಣುತ್ತದೆ' ಕೆಳಗೆ ಒಂದು. 'ಜನವರಿ ನಡುವಿಗೆ' ಅನ್ನುವುದರ ಸುತ್ತ ಒಂದು ಸುತ್ತು. ಬೇರಿನಡಿಯ ಮರಿಗೆ ಒದಿಲ್ ಅಂತ ಹೆಸರಿಟ್ಟ ಸಾಲಿನ ಕೆಳಗೆ ಏನೂ ಇಲ್ಲ. ಆ ಸಾಲು ನಿನಗೆ ಬೇಕಾಗಿರಲಿಲ್ಲ.

ಒಬ್ಬಳೇ ಬಂಡೆ ಹತ್ತಬೇಡ ಅಂತ ನೀನು ಬರೆದದ್ದನ್ನು ಓದಿ ಆವತ್ತು ನನಗೆ ಅಳು ಬಂದಿತ್ತು. ಆ ಅಳುವನ್ನು ನೆನೆದರೆ ಈಗ ವಾಕರಿಕೆ ಬರುತ್ತದೆ.

ಸಮಿತಿಗೆ ಬರೆದೆ. ನಿನ್ನ ಹೆಸರು ಸರಿಯಾಗಿಯೇ ಬರೆದಿದ್ದೇನೆ. ಕೆಳಗೆ ನನ್ನದನ್ನೂ ಬರೆದೆ: ದಿನ, ದಾರಿ, ಗುರುತು ಕೊಟ್ಟವಳು ನಾನು, ಸುಳ್ಳು ದೂರು ಕೊಟ್ಟವಳು ನಾನು, ಎರಡು ಸಲ ಬಡಿಸಿಕೊಂಡವಳೂ ನಾನು. ಅದೊಂದನ್ನು ನೀನು ಹೇಳಿದ್ದು ನಿಜ. ಒದಿಲ್‌ಗೂ ಒಂದು ಕಾಗದ ಹಾಕಿದ್ದೇನೆ, ಕ್ಲೋವಿಸ್ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳಲಿ ಅಂತ. ಅವಳು ಇನ್ನು ನನ್ನ ಜೊತೆ ಮಾತಾಡಲಾರಳು.

ಬಿಳಿ ಕಡ್ಡಿಗಳನ್ನೆಲ್ಲ ಕಿತ್ತು ಸುಟ್ಟೆ. ಇನ್ನು ಯಾವ ಬಿಲದಲ್ಲಿ ಏನಿದೆ ಅಂತ ಕೈ ಹಾಕಿಯೇ ತಿಳಿಯಬೇಕು. ಹಾರಿದ್ದು ಇನ್ನೂರ ಒಂಬತ್ತು. ನೀನು ಬಿಟ್ಟ ಮರಿಗಳೂ ಅದರಲ್ಲಿವೆ. ಅದಕ್ಕೆ ನಿನಗೆ ಕೃತಜ್ಞಳಾಗಿರಬೇಕೇನೋ. ಆಗಲಿಲ್ಲ.

ಅನಿಸೆಗೆ ಕ್ಷಮೆ ಕೇಳಿ ಬರೆದಿದ್ದೇನೆ. ಕೆಲಸಕ್ಕೆ ವಾಪಸು ಕರೆಯುತ್ತಾರಂತೆ ಅಂತಲೂ, ಆವತ್ತು ಕೈಯಲ್ಲಿ ಗರಿ ಯಾಕಿತ್ತು ಅಂತಲೂ.

ಈಸ್ಟರ್‌ಗೆ ಬರುವುದಿಲ್ಲ. ಅಮ್ಮನಿಗೆ ಭರಣಿ ಹೂಳಲು ಹೇಳು. ಗುಂಡಿ ನೀನು ತೋಡು.

ಲೂದಿವಿನ್


ಪ್ರಾಲಿನ್
2 ಏಪ್ರಿಲ್ 1997

ಮ್ಯಾಮ್ಸೆಲ್ ಲೂದಿವಿನ್,

ಕಾಗದ ತಲುಪಿತು. ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಓದಿಸಿದೆ, ಅವರೇ ಇದನ್ನು ಬರೆದುಕೊಡುತ್ತಿದ್ದಾರೆ. ಅದಕ್ಕೇ ಅಕ್ಷರ ಚೆನ್ನಾಗಿದೆ.

ಕೆಲಸಕ್ಕೆ ಬರುವುದಿಲ್ಲ. ಕೋಪ ಅಂತ ತಿಳಿಯಬೇಡಿ. ಆ ದಂಡೆಯಲ್ಲಿ ಇಳಿದರೆ ಆವತ್ತು ನಿಂತ ಹಾಗೇ ನಿಂತುಬಿಡುತ್ತೇನೆ ಅನ್ನಿಸುತ್ತದೆ.

ಗರಿಯ ವಿಷಯ ಕೇಳಿದ್ದೀರಿ. ಆ ಬುಧವಾರ ಹೊಟ್ಟೆನೋವು ನಿಜವಾಗಿಯೂ ಇತ್ತು. ಮಲಗಿದ್ದಲ್ಲಿಂದ ಹಳದಿ ಮೂತಿಯ ದೋಣಿ ನೋಡಿದೆ. ನಿಮ್ಮಪ್ಪನದು ಅಂತ ಗೊತ್ತು, ಇಪ್ಪತ್ತನೇ ವಯಸ್ಸಿನಲ್ಲಿ ನಾವಿಬ್ಬರೂ ಒಂದೇ ಹಡಗಿನಲ್ಲಿ ಇದ್ದವರು. ಮಗಳನ್ನು ನೋಡಲು ಬಂದಿದ್ದಾನೆ, ಸಿಗದೆ ವಾಪಸು ಹೋದ ಅಂದುಕೊಂಡೆ. ಇಳಿಹೊತ್ತಿಗೆ ಎದ್ದು ಇಳಿಜಾರಿಗೆ ಹೋದಾಗ ಗಂಟು ಕಂಡವು. ಎಡಕ್ಕೆ ಬಾಲ ತೂರಿಸುವವನು ಈ ಕಡಲಿನಲ್ಲಿ ಅವನೊಬ್ಬನೇ, ಎಡಚ ಅವನು.

ನಾನು ಬಿಚ್ಚುತ್ತಿದ್ದೆ ಮ್ಯಾಮ್ಸೆಲ್. ನೀವು ಬರುವುದರೊಳಗೆ ಎಲ್ಲ ಬಿಚ್ಚಿಬಿಡೋಣ, ಯಾರೋ ಕಳ್ಳರು ಅಂತ ಆಗಲಿ, ಅಪ್ಪನ ಕೈ ಮಗಳ ಕಣ್ಣಿಗೆ ಬೀಳುವುದು ಬೇಡ ಅಂತ. ಮೂವತ್ತು ಬಿಚ್ಚಿರಬಹುದು. ಅಷ್ಟರಲ್ಲಿ ನೀವು ಬಂದಿರಿ. ಆಮೇಲೆ ದಂಡೆಯಲ್ಲಿ, ಅವರೇ ಹೇಳಿದ್ದು ಅಂದಿರಿ. ಅಪ್ಪ ಮಗಳು ಮಾತಾಡಿಕೊಂಡಿದ್ದೀರಿ, ನಡುವೆ ನಾನು ಯಾರು ಅಂತ ಸುಮ್ಮನಾದೆ.

ಒಣಮೀನು ಸಮುದ್ರಕ್ಕೆ ಹಾಕಿದೆ ಅಂತ ಬರೆದಿದ್ದೀರಿ. ಹೋಗಲಿ ಬಿಡಿ. ಚಟ್ನಿ ಮಾಡಿ ನಿಮಗೇ ಕೊಡೋಣ ಅಂತ ಇಟ್ಟಿದ್ದೆ, ನೀವು ಅಲ್ಲಿ ಏನೂ ಸರಿಯಾಗಿ ತಿನ್ನುತ್ತಿರಲಿಲ್ಲ.

ಹೊರಡುವಾಗ ನೀವು ಕೈ ಕೊಡಲಿಲ್ಲ. ನನ್ನ ಕೈ ನಾರುತ್ತಿತ್ತು, ಸುಳ್ಳಲ್ಲ. ಅದು ಮೀನಿನ ನಾತ, ನಿಂಬೆಹಣ್ಣು ಹಾಕಿ ತೊಳೆದೆ, ಹೋಯಿತು.

ಅನಿಸೆ